ಊರಿನ ಮೊದಲ ಮಹಿಳೆಯ ಅಪ್ಪನಿಗೆ

ಯೇನಾ ಹತ್ತಿರ, ಜರ್ಮನಿ
೧೬ ಮೇ ೨೦೦೨, ಗುರುವಾರ

ನಮ್ಮ ಮನೆಯ ರಾಯರಿಗೆ ವಿಜಯ ಮಾಡುವ ನಮಸ್ಕಾರಗಳು.

ಸಕ್ಕರೆ ಕಾಯಿಲೆ ಹೇಗಿದೆ? ಮಾತ್ರೆ ನುಂಗಿದೆ ಅಂತ ಹೇಳಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೀರಂತೆ, ವಿಭಾ ಫೋನಿನಲ್ಲಿ ದೂರು ಕೊಟ್ಟಳು. ಚಿಕ್ಕ ಮಗಳ ಮನೆಯಲ್ಲಿದ್ದೀರಿ, ಅಳಿಯನ ಎದುರಿಗಾದರೂ ಸ್ವಲ್ಪ ಮರ್ಯಾದೆಯಿಂದಿರಿ. ನನ್ನ ಮಂಡಿನೋವು ಪರವಾಗಿಲ್ಲ. ಇಲ್ಲಿಯ ಚಳಿ ಮೇ ತಿಂಗಳಲ್ಲೂ ಬಿಟ್ಟಿಲ್ಲ, ಮನೆಯೊಳಗೂ ಕಾಲುಚೀಲ ಹಾಕಿಕೊಂಡು ಓಡಾಡುತ್ತೇನೆ. ಉಷಾ ಚೆನ್ನಾಗಿದ್ದಾಳೆ. ಹೌದು, ಹೆಸರು ಬರೆದೇಬಿಟ್ಟೆ. ಒಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಹಿರಿ ಮಗಳನ್ನು 'ಅಲ್ಲಿಯವಳು' ಅಂದು ಅಂದು ಅದೇ ಅಭ್ಯಾಸವಾಗಿದೆ. ಹೆಸರು ಕಂಡ ತಕ್ಷಣ ಕಾಗದ ಮಡಚಬೇಡಿ, ಪೂರ್ತಿ ಓದಿ.

ದೊಡ್ಡ ಸುದ್ದಿ ಏನೆಂದರೆ ಹಿರಿ ಅಳಿಯ ರೈನರ್ ಇವರ ಊರಿನ ಮೇಯರ್ ಸ್ಥಾನಕ್ಕೆ ನಿಂತಿದ್ದಾನೆ. ಯೇನಾದಿಂದ ಹತ್ತು ನಿಮಿಷದ ರೈಲು, ನಮ್ಮ ಮಧುಗಿರಿಗಿಂತ ಚಿಕ್ಕ ಊರು. ಬರುವ ವಾರ ಬಿಟ್ಟು ಅದರಾಚೆಯ ಭಾನುವಾರ ಮತದಾನ. ನಿಲ್ಲುವವನು ಗಂಡ, ಗೆಲ್ಲಿಸುವವಳು ಹೆಂಡತಿ ಅಂತ ಇಲ್ಲಿಯವರೇ ನಗುತ್ತಾರೆ. ಉಷಾ ಹಗಲೆಲ್ಲ ಲೆನ್ಸಿನ ಪ್ರಯೋಗಾಲಯದಲ್ಲಿ ದುಡಿದು ಬಂದು ಸಂಜೆ ಮನೆಮನೆಗೆ ಹೋಗುತ್ತಾಳೆ. ಎರಡು ವರ್ಷದ ಹಿಂದೆ ಇಲ್ಲಿಯ ಸರ್ಕಾರ ಕೊಟ್ಟ ಗ್ರೀನ್ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಹಿಡಿದು ನಮ್ಮ ಕಂಪ್ಯೂಟರ್ ಹುಡುಗರು ಬರತೊಡಗಿದಾಗ, ಇವರು ಬೇಡ ಅಂತ ಕೆಲವರು ಗೋಡೆಗೆ ಕಾಗದ ಅಂಟಿಸಿದ್ದರಂತೆ. ಇವಳು ಸಂತೆ ಚೌಕದಲ್ಲಿ ಸೇಬಿನ ಪೆಟ್ಟಿಗೆಯ ಮೇಲೆ ಹತ್ತಿ ಮಾತಾಡಿದಳಂತೆ. ಅಂದಿನಿಂದ ಪ್ರತಿ ಶನಿವಾರ ಹೊಸಬರಿಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಅದರ ಅರ್ಜಿ ತುಂಬಿಸಿಕೊಡುತ್ತಾಳೆ. ಮೈಸೂರಿನ ಸುಮನ್ ಅನ್ನುವ ಹುಡುಗನಿಗೆ ಬಾಡಿಗೆ ಮನೆ ಸಿಕ್ಕಿದ್ದೂ ಇವಳಿಂದಲೇ. ತಮಾಷೆ ಕೇಳಿ, ಇಷ್ಟೆಲ್ಲ ಮಾಡುವವಳಿಗೆ ಇಲ್ಲಿ ಓಟಿಲ್ಲ. ಇನ್ನೂ ನಮ್ಮ ದೇಶದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದಾಳೆ.

ಈಗ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ. ಸೋಮವಾರ ಪತ್ರಿಕೆಯ ಹೆಂಗಸೊಬ್ಬಳು ಬಂದಳು. ರೈನರ್ ಗೆದ್ದರೆ ಇವಳು ಊರಿನ ಮೊದಲ ಮಹಿಳೆಯಂತೆ, ಬಾಲ್ಯ ಮತ್ತು ಮದುವೆಯ ಬಗ್ಗೆ ಬರೆಯಬೇಕಂತೆ. ನನ್ನನ್ನೂ ಕೂರಿಸಿಕೊಂಡಳು. ಅವಳು ಜರ್ಮನ್‌ನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ಮಧ್ಯೆ ಉಷಾ ಅನುವಾದ ಮಾಡುವುದು. ಮಗಳ ಮದುವೆ ಹೇಗಾಯಿತು ಅಂತ ಕೇಳಿದಳು. ಪರದೇಶದ ಹೆಂಗಸಿನ ಮುಂದೆ ನಿಮ್ಮ ಮಾನ ಕಳೆಯಲು ನನಗೆ ಮನಸ್ಸು ಬರಲಿಲ್ಲ ರಾಯರೇ. ತಂದೆಯೇ ನಿಂತು ಧಾರೆ ಎರೆದುಕೊಟ್ಟರು ಅಂದುಬಿಟ್ಟೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನೀವು ಕೈ ಹಿಡಿದು ಒಪ್ಪಿಸಿದ್ದು, ನಾನು ನೀರು ಬಿಟ್ಟಿದ್ದು, ನೀವು ಶಲ್ಯದಲ್ಲಿ ಕಣ್ಣೊರೆಸಿಕೊಂಡಿದ್ದು, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅಡುಗೆ ಭಟ್ಟರ ಮೇಲೆ ಹಾರಾಡಿದ್ದು, ಹೀಗೆ ವಿಭಾಳ ಮದುವೆಯನ್ನೆಲ್ಲ ಇವಳ ತಲೆಗೆ ಕಟ್ಟಿದೆ. ಉಷಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ ಜರ್ಮನ್‌ನಲ್ಲಿ ಮೆಲ್ಲಗೆ, ಬಹಳ ಹೊತ್ತು ಹೇಳಿದಳು. ಸದ್ಯ, ಮಗಳು ಕಾಪಾಡಿದಳು ಅಂದುಕೊಂಡು ಕಾಫಿ ಮಾಡಲು ಎದ್ದೆ.

ನಿನ್ನೆ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ಉಷಾ ಕೆಲಸಕ್ಕೆ ಹೋಗಿದ್ದಳು. ಪ್ರಚಾರದ ಚೀಟಿ ಒಯ್ಯಲು ಬಂದ ಸುಮನ್‌ನನ್ನು ಹಿಡಿದು ಓದಿಸಿದೆ. ಎರಡು ಸಾಲು ಓದಿದವನು, "ಆಂಟಿ, ಇದು ಬೇರೆ ಥರ ಇದೆ, ಓದ್ಲಾ?" ಅಂದ. ಓದಪ್ಪ ಅಂದೆ. ಧಾರೆಯ ಮಾತೇ ಇರಲಿಲ್ಲ. 'ನನ್ನ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು, ಇಬ್ಬರು ಸಾಕ್ಷಿಗಳಿದ್ದರು, ನನ್ನವರು ಯಾರೂ ಇರಲಿಲ್ಲ' ಅಂತಿತ್ತು. ಅದರ ಕೆಳಗೆ ಪೂರ್ತಿ ನೀವೇ. ತಾಲ್ಲೂಕು ಬೋರ್ಡಿನ ಚುನಾವಣೆಯಲ್ಲಿ ಹನ್ನೊಂದು ವರ್ಷದ ಮಗಳನ್ನು ಜೀಪಿನ ಬಾನೆಟ್ ಮೇಲೆ ನಿಲ್ಲಿಸಿ ಮೈಕು ಕೊಟ್ಟದ್ದು, ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಅಂದ ಗೌಡರಿಗೆ "ನನ್ನ ಮಗಳು ತನಗೆ ಸರಿ ಕಂಡಿದ್ದನ್ನ ಯಾರ ಮುಂದಾದ್ರೂ ಹೇಳ್ತಾಳೆ" ಅಂತ ನೀವು ಉತ್ತರ ಕೊಟ್ಟದ್ದು, ಎಲ್ಲ ಇತ್ತು. ಜರ್ಮನ್ ಪ್ರಜೆ ಯಾಕಾಗಲಿಲ್ಲ ಅಂತ ಪತ್ರಿಕೆಯವಳು ಕೇಳಿದ್ದಳಂತೆ. ಅದಕ್ಕೆ ಉಷಾ, 'ನಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪನ ಹೆಸರು ಅಚ್ಚಾಗಿರುತ್ತದೆ, ಇಲ್ಲಿಯದರಲ್ಲಿ ಅದಕ್ಕೆ ಜಾಗವಿಲ್ಲ' ಅಂದಿದ್ದಾಳೆ. ಸುಮನ್ ಅಲ್ಲಿಗೆ ನಿಲ್ಲಿಸಿ ಕಿಟಕಿಯ ಕಡೆ ತಿರುಗಿಕೊಂಡ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಸಂಜೆ ಬಂದವಳು ನನ್ನನ್ನು ಬೈಯಲಿಲ್ಲ. "ನೀನು ಅಪ್ಪನ್ನ ಒಳ್ಳೆಯೋರು ಮಾಡೋಕೆ ಸುಳ್ಳು ಹೇಳೋದು ಬೇಡಮ್ಮ, ಅವರು ಒಳ್ಳೆಯೋರೇ" ಅಂದಳು, ಅಷ್ಟೆ. ನನಗೆ ನಾಚಿಕೆಯಾಯಿತು. ನಿಮ್ಮ ಮೇಲೆ ಕೋಪವೂ ಬಂತು. ಸರಿ ಕಂಡಿದ್ದನ್ನು ಹೇಳು ಅಂತ ಕಲಿಸಿದವರು ನೀವು. ಅವಳು ರೈನರ್‌ನನ್ನು ಮದುವೆಯಾಗುತ್ತೇನೆ ಅಂತ ಹೇಳಿದ್ದೇ ತಡ, ಕಿವಿ ಮುಚ್ಚಿಕೊಂಡವರೂ ನೀವೇ. ನೀವು ಕಲ್ಲಲ್ಲ ಅಂತ ನನಗೆ ಗೊತ್ತು. ಅವಳ ಮದುವೆಯ ದಿನ ಏಕಾದಶಿ ಅಂತ ಹೇಳಿ ಊಟ ಬಿಟ್ಟಿರಿ. ಪಂಚಾಂಗ ನಾನೂ ನೋಡುತ್ತೇನೆ ರಾಯರೇ, ಅವತ್ತು ಸಪ್ತಮಿ. ಹಟ ನಿಮಗೂ ಹೊರೆಯೇ ಆಗಿದೆ, ಇಳಿಸಲು ಯಾರಾದರೂ ಕೈ ಕೊಡಲಿ ಅಂತ ಕಾಯುತ್ತಿದ್ದೀರಿ. ನಾನೂ ಒಂಬತ್ತು ವರ್ಷ ಇಬ್ಬರ ನಡುವೆ ಸುದ್ದಿ ಹೊತ್ತು ಓಡಾಡಿದೆ. ಸಾಕಾಯಿತು.

ಮಾತ್ರೆ ನುಂಗಿ, ಸಿಹಿ ಮುಟ್ಟಬೇಡಿ. ವಿಭಾಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳಿ. ರೈನರ್ ನಿಮಗೆ ನಮಸ್ಕಾರ ತಿಳಿಸಿದ್ದಾನೆ, ಎರಡೂ ಕೈ ಜೋಡಿಸಿಯೇ ಹೇಳಿದ.

ಇಂತಿ ನಿಮ್ಮ ಪಾದಸೇವಕಿ, ಆದರೆ ಈಗ ಸ್ವಲ್ಪ ಮುನಿಸಿಕೊಂಡಿರುವ,
ವಿಜಯಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಜೂನ್ ಹತ್ತರ ನನ್ನ ವಿಮಾನದ ಟಿಕೆಟ್ ರದ್ದು ಮಾಡಿಸಿದ್ದೇನೆ. ಯಾವಾಗ ಬರುತ್ತೇನೆ ಅನ್ನುವುದು ವಿಭಾಗೆ ಗೊತ್ತಿಲ್ಲ, ಅವಳನ್ನು ಕಾಡಬೇಡಿ. ಕಾಗದ ಕೈಸೇರುವ ಹೊತ್ತಿಗೆ ಫಲಿತಾಂಶವೂ ಬಂದಿರುತ್ತದೆ, ಅದನ್ನೂ ನಾನು ಬರೆಯುವುದಿಲ್ಲ. ಎರಡನ್ನೂ ಉಷಾಳನ್ನೇ ಕೇಳಿ. ನಂಬರು ಲಕೋಟೆಯ ಹಿಂದಿದೆ. ಫೋನು ನಾನು ಎತ್ತುವುದಿಲ್ಲ, ಅವಳೇ ಎತ್ತುತ್ತಾಳೆ.