ನಂಬರ್ ಇಳೀವಲ್ದು

ಜೂನ್ 9, ಸೋಮವಾರ
ಅಫಜಲಪುರಕ್ಕ ಹೋಗಿ ರಕ್ತ ಕೊಟ್ಟು ಬಂದೆ. ಬಸ್ಸಿನ್ಯಾಗ ಎರಡು ಸಲ ವಾಂತಿ. ಸಂಜಿಕ್ಕ ಮೊಬೈಲಿಗೆ ರಿಪೋರ್ಟ್ — 1,940. ಹೋದ ವಾರ 1,960. ವಾರ ಎಲ್ಲಾ ಒದ್ದಾಡಿದ್ದಕ್ಕ ಇಳಿದದ್ದು ಇಷ್ಟೇ.
ಫೆಬ್ರವರಿಯೊಳಗ ಡಾಕ್ಟರ್ ಬಸುರು ತಗದಾಗ ಕೂಸು ಇರಲೇ ಇಲ್ಲ, ಬರೇ ದ್ರಾಕ್ಷಿಯಂಥ ಗುಳ್ಳಿ. ಒಳಗ ಉಳಿದ ಚೂರು ಗಡ್ಡಿ ಆಗ್ಯಾದ. ರಕ್ತದಾಗ ಬಸುರಿನ ಹಾರ್ಮೋನ್ ಬಿಡತದ ಅದು. ಆ ಹಾರ್ಮೋನಿನ ನಂಬರ್ ಝೀರೋ ಆಗೋತನಕ ಇಂಜೆಕ್ಷನ್...

ಜೂನ್ 11, ಬೆಳಿಗ್ಗೆ
ನನ್ನ ವಾಂತಿ ನೋಡಿ ಅತ್ತಿ ಆಶಾ ಕಾರ್ಯಕರ್ತೆ ಚಂದಮ್ಮನ್ನ ಕರಸಿದ್ರು. ಬ್ಯಾಡಂದ್ರೂ ಬಸುರಿನ ಟೆಸ್ಟ್ ಮಾಡಿಸಿದ್ರು. ಎರಡು ಗೆರಿ. ಬರದೇ ಇರತಾವೇನು.
"ನೋಡು ಜಯಮಾಲಾ, ಇದು ಸುಳ್ಳ ಹೇಳತದೇನು? ಆ ಸೂಜಿ ಬಂದ್ ಮಾಡು. ಕೂಸಿಗೆ ತ್ರಾಸ ಆಗತದ."
"ಕೂಸಿಲ್ರೀ ಅತ್ತಿ. ಗಡ್ಡಿ ಅದ."
ಚಂದಮ್ಮ ಪುಸ್ತಕ ತಗದಳು. "ಬಸುರಿ ಅಂತ ಹೆಸರು ಬರಕೊಳ್ಳಲೇನ್ರಿ ಅಕ್ಕಾ?"
"ಕ್ಯಾನ್ಸರ್ ಅಂತ ಬರಕೊ," ಅಂದೆ.
ಈ ಮನ್ಯಾಗ ಆ ಮಾತು ಬಾಯಿಂದ ಬಂದದ್ದು ಮೊದಲ ಸಲ. ನಮ್ಮನಿಯವರು ಬಾಗಲದಾಗೇ ನಿಂತಿದ್ರು. ಚಪ್ಪಲಿ ಮೆಟ್ಟಿ ಹೊರಗ ಹೋದ್ರು.

ಜೂನ್ 16, ಕಲಬುರಗಿಯಿಂದ ಬಂದಮ್ಯಾಲೆ
2,680. ಏರ್ಯಾದ.
ಡಾಕ್ಟರ್ ಸುಮಂಗಲಾ ಎಲ್ಲಾ ರಿಪೋರ್ಟ್ ಸಾಲಾಗಿ ಇಟ್ಟು ನೋಡಿದ್ರು. "ಈ ಔಷಧಕ್ಕ ಅದು ಬಗ್ಗವಲ್ದು. ಐದು ಔಷಧ ಕೂಡಿಸಿ ಕೊಡೋಣು. ಕೂದಲ ಹೋಗತಾವ. ಆದ್ರ ವಾಸಿ ಆಗೋ ಜಡ್ಡು ಇದು."
"ನಾ ಒಂದು ಸೂಜಿನೂ ತಪ್ಪಿಸಿಲ್ರಿ."
"ನಿಮ್ಮ ತಪ್ಪಲ್ಲ."
ಅದಕ್ಕೇ ಸಿಟ್ಟು. ತಪ್ಪು ನಂದಿದ್ರ ತಿದ್ದಕೋತಿದ್ದೆ.
ನಮ್ಮನಿಯವರು ಬಾಯಿ ಬಿಟ್ರು — "ಮುಂದ ಮಕ್ಕಳಾಗತಾವೇನ್ರಿ?" ಬಾಜೂಕ ಕುಂತ ನಾ ಬದುಕತೀನೋ ಇಲ್ಲೋ, ಅದನ್ನ ಕೇಳಲಿಲ್ಲ. ವಾಪಸ್ ನಮ್ಮೂರು ಮಣ್ಣೂರತನಕ ಬಸ್ಸಿನ್ಯಾಗ ಅವರಿಗೆ ಬೆನ್ನು ಮಾಡಿ ಕುಂತೆ.

ಜುಲೈ 15, ಕಲಬುರಗಿ ದವಾಖಾನಿ ವಾರ್ಡು
ಹೊಸ ಔಷಧ, ಮೂರನೇ ಸಲ. ಒಂದು ತಿಂಗಳು ಪೆನ್ನು ಹಿಡಿದಿಲ್ಲ. ತಲಿ ಬೋಳು. ಬಾಯಿ ತುಂಬ ಹುಣ್ಣು.
ನಂಬರ್ 38. ಖುಷಿ ಪಡೂದ್ರಾಗ ಡಾಕ್ಟರ್ ಅಂದ್ರು — ಝೀರೋ ಆದಮ್ಯಾಲೂ ಮತ್ತ ಮೂರು ಸಲ. ಒಂದು ವರ್ಷ ಬಸುರಾಗಂಗಿಲ್ಲ.
ಅತ್ತಿ ಫೋನು. "ಇಳದದಲ್ಲವಾ, ಇನ್ನ ಸಾಕ ಮಾಡು. ಒಂದು ವರ್ಷ ಯಾರು ಕಾಯತಾರ?"
ನಮ್ಮನಿಯವರು ನನ್ನ ಕೈಯಾಗಿನ ಫೋನ್ ಕಸಗೊಂಡ್ರು. "ಅವ್ವಾ, ನಾ ಕಾಯತೇನಿ. ಇಕಿ ಬದಕಲಿ ಮೊದಲ." ಕಟ್ ಮಾಡಿದ್ರು. ಫೋನ್ ನನ್ನ ದಿಂಬಿನ ಬಾಜೂಕ ಇಟ್ಟು ಕೇಳಿದ್ರು, "ನಿನಗೇನ ಬೇಕು?"
ಫೆಬ್ರವರಿಯಿಂದ ಯಾರೂ ಕೇಳಿರಲಿಲ್ಲ. ಈ ಫಿನಾಯಿಲ್ ವಾಸನಿ ತಡಿಯಾಕ ಆಗವಲ್ದು, ಕಿಡಕಿ ತಗೀರಿ ಅಂದೆ.
ಕಿಡಕಿ ಜಾಮ್ ಆಗ್ಯಾದ. ಗ್ವಾಡಿಗೆ ಒಂದು ಕಾಲು ಕೊಟ್ಟು ಇನ್ನೂ ಜಗ್ಗಾಕತ್ತಾರ. ನರ್ಸ್ ಬೈಯಾಕತ್ತಾಳ. ನಗು ಬರಾಕತ್ತದ, ನಕ್ಕರ ಬಾಯಾಗಿನ ಹುಣ್ಣು ಉರೀತಾವ, ಆದ್ರೂ ನಗಾಕತ್ತೀನಿ.