ಇನ್ನೂ ಹಸಿ ಇದೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೂಬೆಮರಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯೆ ಮಗಳೇ? ಕೆಮ್ಮು ಹೋಯಿತೋ, ಇಲ್ಲ ಅದನ್ನೂ ಸರ್ಕಾರದ ಗುಟ್ಟಿನ ಹಾಗೆ ಒಳಗೇ ಇಟ್ಟುಕೊಂಡಿದ್ದೀಯೋ? ಫೋನಿನಲ್ಲಿ ಕೇಳಿದರೆ “ಚೆನ್ನಾಗಿದ್ದೀನಮ್ಮ” ಎಂದು ಇಟ್ಟುಬಿಡುತ್ತೀಯೆ. ಅದಕ್ಕೇ ಕಾಗದ ಬರೆಯಲು ಕುಳಿತೆ. ಅಂಚೆಗೆ ಹಾಕಿದರೆ ನಿನ್ನ ಕೈ ಸೇರುವ ಮೊದಲು ಕಚೇರಿಯಲ್ಲಿ ನಾಲ್ಕು ಜನ ಒಡೆದು ಓದುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ಆ ನಾಲ್ಕು ಜನಕ್ಕೆ ನನ್ನ ಮಂಡಿನೋವಿನ ಪುರಾಣ ಯಾಕೆ? ನಿನ್ನ ಡ್ರೈವರನ ಕೈಗೇ ಕೊಡುತ್ತೇನೆ. ಪ್ರತಿ ಭಾನುವಾರ ಹಣ್ಣು, ಔಷಧಿ ತಂದು ಮೇಜಿನ ಮೇಲಿಟ್ಟು, ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೋಗುವ ಆ ಮಹಾರಾಯನಿಗೆ ನಾನು ‘ಗಡಿಯಾರ’ ಎಂದು ಹೆಸರಿಟ್ಟಿದ್ದೇನೆ. ಒಂದು ದಿನವಾದರೂ ಅವನ ಹಿಂದಿನ ಸೀಟಿನಿಂದ ನೀನು ಇಳಿಯುತ್ತೀಯೇನೋ ಎಂದು ಕಿಟಕಿಯಿಂದ ನೋಡುತ್ತೇನೆ. ಹಣ್ಣಿನ ಚೀಲ ಮಾತ್ರ ಇಳಿಯುತ್ತದೆ.

ನನ್ನ ಮಂಡಿ ಹಾಗೇ ಇದೆ. ಕಣ್ಣಿನ ಡಾಕ್ಟರು ಇನ್ನೊಂದು ಕಣ್ಣಿಗೂ ಆಪರೇಷನ್ ಮಾಡೋಣ ಎಂದರು, ನೋಡಬೇಕಾದದ್ದನ್ನೆಲ್ಲ ನೋಡಿಯಾಗಿದೆ ಬಿಡಿ ಎಂದೆ. ಅವರಿಗೆ ಬೇಜಾರಾಯಿತೆಂದು ಕಾಣುತ್ತದೆ. ಮೊನ್ನೆ ಮಾತ್ರ ಆ ಒಂದೇ ಕಣ್ಣಿನಲ್ಲಿ ಪೇಪರು ಓದುವಾಗ ನಿನ್ನ ಫೋಟೊ ಕಂಡೆ. ಪೊಲೀಸ್ ಇಲಾಖೆಯ ಗುಪ್ತಚರ ವಿಭಾಗಕ್ಕೆಲ್ಲ ಮುಖ್ಯಸ್ಥೆ! ಮಗಳಿಗೆ ಬಡ್ತಿಯಾದದ್ದು ತಾಯಿಗೆ ಪೇಪರಿನಿಂದ ಗೊತ್ತಾಗಬೇಕು, ನೋಡು, ದೀಪದ ಬುಡದಲ್ಲೇ ಕತ್ತಲು. ಖುಷಿಯಾಯಿತೇ ಎಂದರೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಫೋಟೊದಲ್ಲಿ ನಿನ್ನ ಕಾಲರ್ ಒಳಗೆ ಕತ್ತು ಎಷ್ಟು ಸಣ್ಣಗಾಗಿದೆ ಎಂದು ಭೂತಗನ್ನಡಿ ಹಿಡಿದು ನೋಡಿದೆ. ನಿನ್ನ ಹಿಂದೆ ಉದ್ದದ ಮೇಜು, ಎರಡೂ ಬದಿಗೆ ಕೈಕಟ್ಟಿ ಕುಳಿತ ಗಂಡಸರು. ಒಬ್ಬನಿಗಾದರೂ ಮೇಡಂ ಊಟ ಮಾಡಿದ್ರಾ ಎಂದು ಕೇಳುವ ಬುದ್ಧಿ ಬೇಡವೇ? ರಾತ್ರಿ ಕಚೇರಿಯ ಸೋಫಾದ ಮೇಲೇ ಮಲಗುತ್ತೀಯಂತೆ. ಗಡಿಯಾರ ಬಾಯಿಬಿಡಲಿಲ್ಲ, ಸುಮ್ಮನೆ ಬೈಯಬೇಡ. ಹಾಸಿಗೆ ಬಟ್ಟೆ ಒಗೆಯಲು ಕೊಡುತ್ತಾಳೇನಪ್ಪಾ ಎಂದು ಕೇಳಿದೆ, ಅವನು ನೆಲ ನೋಡಿದ. ನಿನ್ನ ಕೆಲಸ ನನಗೂ ಸ್ವಲ್ಪ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮಪ್ಪ ಹೋದ ಮೇಲೆ ಆ ದಿನದ ಮಾತನ್ನು ನಾವಿಬ್ಬರೂ ಎತ್ತಿಲ್ಲ. ನೀನು ಎತ್ತಲಿ ಎಂದು ನಾನು, ನಾನು ಎತ್ತಲಿ ಎಂದು ನೀನು, ಹೀಗೇ ಒಂದು ವರ್ಷದ ಮೇಲಾಯಿತು. ನಾನು ದೊಡ್ಡವಳು, ನಾನೇ ಎತ್ತುತ್ತೇನೆ.

ನೆನಪಿದೆಯೇ, ನೀನು ಆ ವಿಭಾಗಕ್ಕೆ ಹೋದ ಹೊಸದರಲ್ಲಿ, ನಿನ್ನ ಕೆಲಸವೇನು ಎಂದು ನಿಮ್ಮಪ್ಪ ಪೀಡಿಸಿ ಪೀಡಿಸಿ ಕೇಳುತ್ತಿದ್ದರು. ಇಡೀ ಆಯುಷ್ಯ ರೈಲಿನಲ್ಲಿ ಟಿಕೆಟ್ ಚೆಕ್ ಮಾಡಿದ ಮನುಷ್ಯ, ಯಾರ ಜೇಬಿನಲ್ಲಿ ಏನಿದೆ ಎಂದು ತಿಳಿಯದಿದ್ದರೆ ಊಟ ಸೇರದು. ಕೊನೆಗೆ ನೀನು ಇದೇ ಮೇಜಿನ ಮುಂದೆ ಕುಳಿತು, ನನ್ನದೂ ಅಡುಗೆ ಕೆಲಸವೇ ಅಪ್ಪಾ ಎಂದೆ. ಹೊರಗಿನಿಂದ ಬರುವ ಸುದ್ದಿಯೆಲ್ಲ ಹಸಿ. ಒಬ್ಬನೇ ಹೇಳಿದ್ದು ಎಷ್ಟೇ ಗಟ್ಟಿಯಾಗಿದ್ದರೂ ಹಸಿಯೇ. ಅವನು ಹೇಳಿದ್ದನ್ನು ಅರಿಯದ ಇನ್ನೊಬ್ಬ ಬೇರೆಯಾಗಿ ಬಂದು ಅದನ್ನೇ ಹೇಳಿದಾಗ ಬೆಂದಿತು ಎಂದು ಲೆಕ್ಕ. ಹಸಿಯದನ್ನು ಬಡಿಸಿದರೆ ಊರಿಗೆಲ್ಲ ಹೊಟ್ಟೆನೋವು, ಕಾಯುತ್ತ ಕೂತರೆ ಸೀದುಹೋಗುತ್ತದೆ. ಯಾವಾಗ ಇಳಿಸಬೇಕು ಎಂದು ಹೇಳುವುದಕ್ಕೇ ನನಗೆ ಸಂಬಳ ಎಂದು ನೀನು ನಕ್ಕಾಗ ನಿಮ್ಮಪ್ಪನಿಗೆ ಎಂಥ ಹಿಗ್ಗು! ಅಂದಿನಿಂದ ಬೆಳಗಾದರೆ ನಿನಗೆ ಫೋನು: “ಏನಮ್ಮಾ ಗೂಬೆಮರಿ, ಅಡುಗೆ ಆಯ್ತಾ?” ನೀನು “ಆಯ್ತಪ್ಪಾ” ಅನ್ನುತ್ತಿದ್ದೆ, ಇಲ್ಲವೇ “ಇನ್ನೂ ಹಸಿ” ಅನ್ನುತ್ತಿದ್ದೆ. ಅಷ್ಟಕ್ಕೇ ಅವರ ಬೆಳಗು ಹರಿಯುತ್ತಿತ್ತು. ಒಂದು ಮೊಟ್ಟೆ ಬೇಯಿಸಲು ಬಾರದ ಮಗಳ ಹತ್ತಿರ ಅಡುಗೆಯ ವಿಚಾರಣೆ ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ.

ಆ ದಿನವೂ ಫೋನು ಮಾಡಿದರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ, ಅದಕ್ಕೇ ಯಾವಾಗಲೂ ಸ್ಪೀಕರ್. ನಾನು ಹುರುಳಿಕಾಯಿ ಹೆಚ್ಚುತ್ತ ಕೇಳಿಸಿಕೊಂಡೆ. ನೀನು ಹೇಳಿದ್ದು ಇಷ್ಟು: “ಇನ್ನೂ ಹಸಿ ಇದೆ ಅಪ್ಪಾ. ಇವತ್ತು ನೀವು ಮನೇಲೇ ಊಟ ಮಾಡಿ.” ಅವರು “ಆಯ್ತಮ್ಮ, ಆಯ್ತು” ಎಂದು ಇಟ್ಟರು. ಇನ್ನೆಲ್ಲಿ ಊಟ ಮಾಡುತ್ತಾರೆ, ಇವಳಿಗೇನು ತಲೆ ಕೆಟ್ಟಿದೆಯೇ ಎಂದು ನಾನು ಅಂದುಕೊಂಡೆ. ಹಿಂದಿನ ರಾತ್ರಿಯೇ ಬಸ್ ನಿಲ್ದಾಣದ ಬಾಂಬಿನ ಬಗ್ಗೆ ನಿನಗೆ ಒಂದು ಸುದ್ದಿ ಬಂದಿತ್ತು, ಒಬ್ಬನದೇ ಸುದ್ದಿ, ಎರಡನೆಯವನಿಗಾಗಿ ನೀನು ಕಾಯುತ್ತಿದ್ದೆ ಎಂದು ನನಗೆ ತಿಳಿದದ್ದು ವಿಚಾರಣಾ ಸಮಿತಿಯ ವರದಿ ಪೇಪರಿನಲ್ಲಿ ಬಂದ ಮೇಲೆ. ಆ ದಿನಕ್ಕೆ ಮುಂಚಿನ ತಿಂಗಳುಗಳಲ್ಲಿ ಹಸಿ ಸುದ್ದಿ ನಂಬಿ ನಿಲ್ದಾಣವನ್ನು ಎರಡು ಸಲ ಖಾಲಿ ಮಾಡಿಸಿದ್ದಿರಿ, ಯಾರೋ ಮರೆತುಹೋದ ಚೀಲ ಸಿಕ್ಕಿತ್ತು. ತೋಳ ಬಂತು ತೋಳ ಎಂದು ಊರೆಲ್ಲ ನಕ್ಕಿತ್ತು, ಮಂತ್ರಿಗಳು ನಿನ್ನನ್ನು ನಿಲ್ಲಿಸಿಕೊಂಡು ಬೈದಿದ್ದರು. ಮೇಲಾಗಿ ಮನೆಯವರಿಗೂ ಹೇಳುವ ಹಾಗಿಲ್ಲ. ಒಬ್ಬ ಅಧಿಕಾರಿ ಹೆಂಡತಿಗೆ ಹೇಳಿದರೆ ಅವಳು ತಂಗಿಗೆ, ತಂಗಿ ಪಕ್ಕದ ಮನೆಗೆ, ಊರೂ ಓಡುತ್ತದೆ, ಇಡಲು ಬಂದವನೂ ಓಡಿ ಇನ್ನೊಂದು ಕಡೆ ಇಡುತ್ತಾನೆ. ಇದೂ ನೀನೇ ಹೇಳಿಕೊಟ್ಟ ಪಾಠ.

ನಾನು ಆ ಬೆಳಿಗ್ಗೆ ತಂಗಿಯ ಮನೆಗೆ ಹೊರಟಿದ್ದೆ. ಒಂದು ವಿಚಿತ್ರ ಹೇಳುತ್ತೇನೆ, ನಿನಗೆ ಇದುವರೆಗೆ ಹೇಳಿಲ್ಲ. ಬಸ್ಸು ಬೇಡ ಎಂದು ಅವರೇ ಟ್ಯಾಕ್ಸಿ ಕರೆಸಿ ಬಾಗಿಲಿಗೇ ತಂದು ನಿಲ್ಲಿಸಿದರು. ನಿಮ್ಮಪ್ಪ, ಟ್ಯಾಕ್ಸಿ! ಒಂದು ಬೆಂಕಿಕಡ್ಡಿಯನ್ನು ಸೀಳಿ ಎರಡು ಮಾಡುವ ಮನುಷ್ಯ! ಮುದುಕನಿಗೆ ಪ್ರೀತಿ ಉಕ್ಕಿದೆ ಎಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಹೋದೆ. ತಂಗಿಯ ಮನೆಯಲ್ಲಿ ಕುಳಿತಿದ್ದಾಗ ಸದ್ದು ಕೇಳಿಸಿತು. ಗಾಜಿನ ಲೋಟಗಳು ಕಪಾಟಿನಲ್ಲಿ ನಡುಗಿದವು. ಅವರು ಎಂದಿನ ಹಾಗೆ ನಿಲ್ದಾಣದ ಮೆಟ್ಟಿಲ ಕೆಳಗಿನ ಕ್ಷೌರದಂಗಡಿಗೆ ಚದುರಂಗ ಆಡಲು ಹೋಗಿದ್ದಾರೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಎಲ್ಲ ಮುಗಿದ ದಿನ ನೀನು ನನ್ನ ಪಕ್ಕದಲ್ಲಿ ನಿಂತು ಒಂದೇ ಮಾತು ಆಡಿದೆ. “ಅಪ್ಪನಿಗೆ ಅರ್ಥ ಆಗ್ಲಿಲ್ಲ ಅಮ್ಮಾ. ನಾನು ಬಿಡಿಸಿ ಹೇಳ್ಬೇಕಿತ್ತು.” ಅಷ್ಟು ಹೇಳಿ ಕಾರು ಹತ್ತಿದವಳು ಈ ಹೊಸ್ತಿಲು ತುಳಿದಿಲ್ಲ. ಅರ್ಧ ಗಂಟೆಯ ದಾರಿ, ಗೂಬೆಮರಿ. ತಪ್ಪಿಲ್ಲ ಎಂದು ಸಮಿತಿ ಬರೆಯಿತು, ಸರ್ಕಾರ ಬಡ್ತಿ ಕೊಟ್ಟಿತು. ನೀನು ಮಾತ್ರ ನಿನಗೆ ಶಿಕ್ಷೆ ಕೊಟ್ಟುಕೊಂಡು, ಜೊತೆಗೆ ನನಗೂ ಕೊಟ್ಟೆ.

ನಿನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಲಾರೆ. ಅವರಿಗೆ ಅರ್ಥವಾಗಲಿಲ್ಲ ಎಂದೇ ನಾನೂ ನಂಬಿದ್ದೇನೆ. ಕಿವಿ ಕೇಳಿಸಲಿಲ್ಲವೋ, ಮಾತು ಹಳೇ ತಮಾಷೆಯ ಹಾಗೆ ಕೇಳಿಸಿತೋ. ಬಿಡಿಸಿ ಹೇಳಿದ್ದರೆ ಬದುಕುತ್ತಿದ್ದರೇನೋ. ಮೊದಲ ತಿಂಗಳುಗಳಲ್ಲಿ ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಗಡಿಯಾರ ತಂದ ಹಣ್ಣನ್ನು ಹಾಗೇ ಕೊಳೆಯಲು ಬಿಡುತ್ತಿದ್ದೆ. ಆಮೇಲೆ ಯೋಚಿಸಿದೆ, ಆ ದಿನ ಸತ್ತವರ ಮನೆಗಳಲ್ಲಿ ಯಾರಿಗೂ ಅರ್ಧ ಮಾತು ಕೂಡ ಬಂದಿರಲಿಲ್ಲ. ನಮಗೆ ಬಂದಿತ್ತು. ಈಗ ಸಿಟ್ಟಿಲ್ಲ. ಒಂಟಿತನ ಇದೆ. ಅವರ ಕುರ್ಚಿ ಹಾಗೇ ಇದೆ, ಚದುರಂಗದ ಮಣೆ ಹಾಗೇ ಇದೆ, ಬೆಳಿಗ್ಗೆ ಆ ಹೊತ್ತಿಗೆ ಫೋನಿನ ಕಡೆ ಕಣ್ಣು ಹೋಗುತ್ತದೆ. ಗಂಡನೂ ಇಲ್ಲ, ಇರುವ ಒಬ್ಬ ಮಗಳೂ ಇಲ್ಲ ಎಂದರೆ ನಾನು ಯಾರ ಜೊತೆ ಜಗಳ ಆಡಲಿ ಹೇಳು. ಒಮ್ಮೆ ಬಾ. ಕ್ಷಮೆ ಗಿಮೆ ಏನೂ ಕೇಳಬೇಡ, ಸುಮ್ಮನೆ ಬಂದು ಕೂತು ಹೋಗು.

ಕೆಮ್ಮಿಗೆ ಬಿಸಿನೀರು ಕುಡಿ. ಆ ಕೈಕಟ್ಟಿದ ಗಂಡಸರಿಗೂ ನನ್ನ ನಮಸ್ಕಾರ ತಿಳಿಸು, ನಿನ್ನನ್ನು ಸ್ವಲ್ಪ ನೋಡಿಕೊಳ್ಳಲಿ. ನೀನು ನೂರು ವರ್ಷ ಬಾಳು, ಅದರಲ್ಲಿ ಒಂದೆರಡು ದಿನ ನನಗೂ ಇರಲಿ.

ಇಂತು,
ನಿನ್ನನ್ನು ಕಾಯುವ
ಅಮ್ಮ

ಮರೆತ ಮಾತು: ಗಡಿಯಾರ ಬಂದು ಕೂತು ಬಹಳ ಹೊತ್ತಾಯಿತು, ಜೀವನದಲ್ಲಿ ಮೊದಲ ಸಲ ಅವನಿಗೆ ತಡ ಮಾಡಿಸಿದ್ದೇನೆ. ಆತುರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಕಾಗದ ಮಡಿಸುವಾಗ ಆ ಕ್ಷೌರದವನು ಬಂದ, ನಿಮ್ಮಪ್ಪ ‘ಕತ್ತರಿ’ ಎಂದು ಕರೆಯುತ್ತಿದ್ದವನು. ಆ ದಿನದ ಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಬದುಕಿ ಉಳಿದ ಮುಖ ತೋರಿಸುವುದಕ್ಕೆ ನಾಚಿಕೆಯಂತೆ. ಪೇಪರಿನಲ್ಲಿ ನಿನ್ನ ಫೋಟೊ ನೋಡಿ, ಇನ್ನು ತಡೆಯಲಾಗಲಿಲ್ಲ ಎಂದು ಬಂದನಂತೆ. ಹೇಳಿದ್ದು ಕೇಳು. ಆ ದಿನ ನಿಮ್ಮಪ್ಪ ಏದುಸಿರು ಬಿಡುತ್ತ ಅಂಗಡಿಗೆ ಬಂದು, “ನನ್ನ ಹೆಂಡತಿ ಬಚ್ಚಲಲ್ಲಿ ಬಿದ್ದಿದ್ದಾಳೆ, ನನ್ನ ಕಾಲಲ್ಲಿ ಓಡೋಕಾಗಲ್ಲ, ನೀನು ಓಡು” ಎಂದರಂತೆ. ಇವನು ಅರ್ಧ ಸೋಪು ಹಚ್ಚಿದ ಗಿರಾಕಿಯನ್ನೂ ಎಬ್ಬಿಸಿಕೊಂಡು ಓಡಿ ಬಂದರೆ ಮನೆಗೆ ಬೀಗ. ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಸದ್ದು ಕೇಳಿಸಿತಂತೆ. ಹೊರಡುವಾಗ ನೀವು ಬರಲ್ವಾ ಎಂದು ಕೇಳಿದ್ದಕ್ಕೆ ನಿಮ್ಮಪ್ಪ ಏನೋ ಗೊಣಗಿದರು, ಪಾಪ, ಗಾಬರಿಯಲ್ಲಿ ಮಾತು ತಪ್ಪಿತ್ತು ಎಂದ. ಏನಂದರು ಎಂದು ಕೇಳಿದೆ. “ಮಗಳು ಅಡುಗೆಗೆ ಇಟ್ಟಿದ್ದಾಳೆ. ಅದು ಬೇಯೋದರೊಳಗೆ ಇನ್ನಿಬ್ಬರನ್ನ ನೋಡ್ಕೊಂಡು ಬರ್ತೀನಿ.” ಕತ್ತರಿಗೆ ಅದರ ತಲೆಬುಡ ತಿಳಿದಿಲ್ಲ. ನಾನೂ ಹೇಳಿಲ್ಲ.

ಒಬ್ಬನ ಮಾತು ಹಸಿ ಎಂದು ನೀನು ಹೇಳಿಕೊಟ್ಟಿದ್ದೀಯಲ್ಲ. ಕತ್ತರಿಯನ್ನು ಇಲ್ಲೇ ಕೂರಿಸಿ, ಈಗ ನಮ್ಮ ರಸ್ತೆಯ ತಿರುವಿನಲ್ಲಿ ಗಾಡಿ ಇಟ್ಟಿರುವ ಆ ಟೀ ಮಾರುವ ಹೆಂಗಸಿನ ಹತ್ತಿರ ನಾನೇ ಹೋದೆ. ಮೊದಲು ನಿಲ್ದಾಣದಲ್ಲಿದ್ದವಳು. ಕತ್ತರಿಯ ಸುದ್ದಿ ಎತ್ತಲೇ ಇಲ್ಲ, ಆ ದಿನ ನೀನು ಹೇಗೆ ಉಳಿದೆಯಮ್ಮಾ ಎಂದು ಮಾತ್ರ ಕೇಳಿದೆ. ಅವಳು ಅಳಲು ಶುರುಮಾಡಿದಳು. “ನಿಮ್ಮ ಯಜಮಾನ್ರೇ ಬಂದು, ನಿನ್ನ ಮಗಳು ಶಾಲೇಲಿ ಬಿದ್ದು ಕೈ ಮುರ್ಕೊಂಡಿದ್ದಾಳೆ, ಓಡು ಅಂದ್ರು. ಹೋದ್ರೆ ಮಗು ಆಟ ಆಡ್ತಿತ್ತು ಅಮ್ಮಾ. ಮನಸಲ್ಲೇ ಅವರನ್ನ ಬೈಕೊಂಡೆ.” ಟಿಕೆಟ್ ಇಲ್ಲದವರ ಸುಳ್ಳನ್ನು ಆಯುಷ್ಯವಿಡೀ ಕೇಳಿ ಕೇಳಿ ಕೂಡಿಟ್ಟಿದ್ದರಲ್ಲ, ಅಷ್ಟನ್ನೂ ಆ ದಿನ ಖರ್ಚು ಮಾಡಿದ್ದಾರೆ. ನಿಲ್ದಾಣದಲ್ಲಿ ಕೂಗಲಿಲ್ಲ, ನಿನ್ನ ಹೆಸರು ಎತ್ತಲಿಲ್ಲ. ಮೊದಲು ನನ್ನನ್ನು ಟ್ಯಾಕ್ಸಿಗೆ ಹತ್ತಿಸಿದರು. ನನ್ನ ಮೇಲೆ ಪ್ರೀತಿ ಉಕ್ಕಿದ್ದು ಹೌದು, ನಾನೇ ತಪ್ಪು ತಿಳಿದು ನಕ್ಕೆ. ಮೂರನೆಯವರನ್ನು ಹುಡುಕುತ್ತಿದ್ದರೇನೋ, ಅಷ್ಟರಲ್ಲಿ ಆಗಿಹೋಯಿತು. ಮನೆಗೆ ಬಂದು ಊಟ ಮಾಡಬಾರದಿತ್ತೇ ಆ ಹಟಮಾರಿ ಮುದುಕ! ಎಷ್ಟು ಅತ್ತೆನೋ ಏನೋ, ಕತ್ತರಿಯೇ ನೀರು ತಂದುಕೊಟ್ಟ.

ನಿನ್ನ ಮಾತು ಅವರಿಗೆ ಅರ್ಥವಾಗಿತ್ತು ಮಗಳೇ, ಪೂರ್ತಿ. ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದಾರೆ, ಇದು ಹಸಿಯಲ್ಲ. ಕತ್ತರಿಯನ್ನು ಇಲ್ಲೇ ಕೂರಿಸಿಕೊಂಡಿದ್ದೇನೆ, ನೀನೇ ಕೇಳಬಹುದು. ಹುರುಳಿಕಾಯಿ ಹೆಚ್ಚಿಟ್ಟಿದ್ದೇನೆ. ಗಡಿಯಾರನ ಕಾರು ಖಾಲಿ ಬರಬಾರದು. ಇವತ್ತು ನೀನು ಮನೇಲೇ ಊಟ ಮಾಡು.