ಹೆಲ್ಪಿಗೆ ಹತ್ತನೆಯ ಮಾತು

ಸಿಂಧಘಟ್ಟ
ಭಾನುವಾರ, ೩ ಆಗಸ್ಟ್ ೨೦೨೫

ಪ್ರೀತಿಯ ತಂಗಿ ಕುಳ್ಳವ್ವಾ,

ಹೇಗಿದ್ದೀಯೆ? ಬಿಪಿ ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ, ಇಲ್ಲಾ ಮೊದಲಿನ ಹಾಗೆ ಸೆರಗಿಗೆ ಗಂಟು ಹಾಕಿ ಮರೆಯುತ್ತೀಯಾ? ನಿನ್ನ ಯಜಮಾನರ ಕೆಮ್ಮು ಇಳಿಯಿತಾ? ಕೆಂಚಿ ಹಸು ಹೆಣ್ಣುಗರು ಹಾಕಿತಂತೆ. ಅದನ್ನೂ ನಾನು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು, ನೋಡು! ನನ್ನ ಹೆಸರು ಕಂಡರೆ ಫೋನನ್ನು ಅಕ್ಕಿ ಡಬ್ಬದೊಳಗೆ ಇಡುತ್ತೀಯೆಂದು ನಿನ್ನ ಮಗನೇ ಹೇಳಿದ. ಅದಕ್ಕೇ ಈ ಕಾಗದ. ಇದನ್ನು ಡಬ್ಬಕ್ಕೆ ಹಾಕಿದರೂ ಅಕ್ಕಿ ಅಳೆಯುವಾಗ ಕೈಗೆ ಸಿಕ್ಕೇ ಸಿಗುತ್ತದೆ.

ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ನಾಟಿ ಹೋದ ವಾರ ಮುಗಿಯಿತು. ಹೊಸ ಸುದ್ದಿಯೆಂದರೆ ಸೊಸೆ ಅನಿತ ಕೆ.ಆರ್. ಪೇಟೆಯ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡಲು ಸೇರಿದ್ದಾಳೆ. ವಾರಕ್ಕೊಂದು ಇಂಗ್ಲಿಷ್ ಪದ ಹಿಡಿದು, ಅದಕ್ಕೆ ಕನ್ನಡದ ಹತ್ತು ಮಾತು ಹುಡುಕಿ, ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾಳಂತೆ. ಈ ವಾರದ ಪದ ಹೆಲ್ಪ್. ಫೋನು ನೋಡಿ ಸಹಾಯ, ನೆರವು, ಉಪಕಾರ, ಸಹಕಾರ ಅಂತ ನಾಲ್ಕು ಬರೆದುಕೊಂಡು, ಉಳಿದದ್ದಕ್ಕೆ ನನ್ನ ಹತ್ತಿರ ಬಂದಳು. ಎಲ್ಲಕ್ಕೂ ಒಂದೇ ಅರ್ಥ ಅಂದಳು. ನಾನು ಹಸನು ಮಾಡುತ್ತಿದ್ದ ಹುರುಳಿಕಾಳು ಬಿಟ್ಟು ಶುರು ಹಚ್ಚಿಕೊಂಡೆ! ಒಂದೇ ಹೇಗಾಗುತ್ತದೆ? ಸಹಾಯ ಅನ್ನುವುದು ಅರ್ಜಿಯಲ್ಲಿ ಬರೆಯುವ ಮಾತು. ಉಪಕಾರ ಅಂದರೆ, ಮಾಡಿದವರು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗುವಂಥದ್ದು. ಹುಲ್ಲಿನ ಹೊರೆ ತಲೆಗೆತ್ತಲು ದಾರಿಹೋಕರನ್ನು ಕರೆದು "ಒಸಿ ಕೈ ಆಕವ್ವ" ಅನ್ನುತ್ತೇವೆ, ಅದು ಅಲ್ಲಿಗೇ ಮುಗಿಯಿತು. ಗಂಡ ಸತ್ತವಳಿಗೆ ಅಣ್ಣತಮ್ಮಂದಿರು ಆಗುವುದು ಆಸರೆ. ಜಗಳದಲ್ಲಿ ನಮ್ಮ ಪರ ನಿಲ್ಲುವುದು ಒತ್ತಾಸೆ. ಅದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ, ನಮ್ಮತ್ತೆಯ ಎದುರು ಸೌಟು ಹಿಡಿದು ನಿಂತಿದ್ದೆಯಲ್ಲ! ಹೆಗಲು ಕೊಡುವುದು, ಬೆನ್ನಿಗಿರುವುದು ಎರಡೂ ಸೇರಿ ಒಂಬತ್ತಾಯಿತು.

ಹತ್ತನೆಯದಕ್ಕೆ ಮುಯ್ಯಾಳು ಅಂದೆ. ಅನಿತ ಪಾಂಡವಪುರದ ಪೇಟೆಯಲ್ಲಿ ಬೆಳೆದವಳು, ಗೊತ್ತಿರಲಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಬಂದು ದುಡಿಯುತ್ತಾರೆ, ಆಮೇಲೆ ಅವರ ಗದ್ದೆಗೆ ಇವರು ಹೋಗಿ ಅಷ್ಟೇ ದುಡಿದು ಮುಯ್ಯಿ ತೀರಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ಒಂದು ವಾಕ್ಯ ಹೇಳಿ ಅಂದಳು. ಬಾಯಿಗೆ ನೀನೇ ಬಂದೆ: "ಓದೊರ್ಸ ನಮ್ ಕುಳ್ಳವ್ವ ಎರಡ್ ದಿನ ಮುಯ್ಯಾಳ್ಗೆ ಬಂದು ನಾಟಿ ಆಕುದ್ಲು." ಅವಳು ಬರೆದುಕೊಳ್ಳುತ್ತಾ, ತಲೆ ಕೂಡ ಎತ್ತದೆ ಕೇಳಿದಳು: "ನೀವು ವಾಪಸ್ ಹೋಗಿದ್ರಾ ಅತ್ತೆ?"

ಬಿಟ್ಟಿದ್ದ ಹುರುಳಿಕಾಳನ್ನು ಮತ್ತೆ ಮುಂದಕ್ಕೆ ಎಳೆದುಕೊಂಡೆ ಕಣೆ. ನಾನೆಲ್ಲಿ ಹೋದೆ? ಹೇಮಗಿರಿ ನಾಲೆಯ ಕೆಳಗಿನ ನಿನ್ನ ಗದ್ದೆಗೆ ನನ್ನ ಬದಲು ಟ್ರೇಯಲ್ಲಿ ಬೆಳೆಸಿದ ಪೈರಿನ ಸಮೇತ ನಾಟಿ ಮಿಷನ್ನು ಕಳಿಸಿದೆ. ಅದನ್ನು ಓಡಿಸಿಕೊಂಡು ಬಂದಿದ್ದ ಜಫರ್, ನಮ್ಮ ವಜೀರ್ ಪಾಷಾನ ಮಗ, ಹೋದ ಹಾಗೇ ತಿರುಗಿ ಬಂದು ನೀನಂದ ಮಾತು ಹೇಳಿದ: "ನಾನ್ ಕೊಟ್ಟಿದ್ದು ನನ್ ಸೊಂಟ ಕಣಪ್ಪ, ಅವ್ಳು ಕಬ್ಣ ಕಳ್ಸವ್ಳೆ." ಅಬ್ಬಾ, ಎಷ್ಟು ಬಿಂಕ ಇವಳಿಗೆ ಅಂತ ನಾನೂ ಉರಿದುಬಿದ್ದೆ. ನನಗೆ ಮಂಡಿನೋವು, ಅದಕ್ಕೇ ಹೋಗಲಿಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಂಡಿ ನೋಯುತ್ತಿದ್ದದ್ದು ನಿಜ. ಆದರೆ ನಿನಗೂ ಬೆನ್ನು ನೋಯುತ್ತಿತ್ತು, ಆದರೂ ನೀನು ಬಂದೆ. ಪಕ್ಕದ ಸಾಲಿನಲ್ಲಿ ಬಗ್ಗಿಕೊಂಡು, ನಮ್ಮ ಬೀದಿಯವರ ನಡಿಗೆಯನ್ನೆಲ್ಲ ಅಣಕಿಸಿ ಎರಡು ದಿನ ನಗಿಸಿದೆ. ಅದನ್ನು ಮಿಷನ್ನು ಹೇಗೆ ತೀರಿಸುತ್ತದೆ? ತಪ್ಪು ನನ್ನದೇ, ಇನ್ನು ಮುಚ್ಚಿಟ್ಟು ಏನಾಗಬೇಕು. ಆಮೇಲೆ ನನ್ನ ಮಗನ ಮದುವೆಗೆ ಬಂದು ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಬಸ್ಸು ಹತ್ತಿದೆಯಲ್ಲ, ಅವತ್ತು ನನಗೂ ತುತ್ತು ಇಳಿಯಲಿಲ್ಲ.

ಕಾಗದ ತರುವವನೂ ಜಫರನೇ. "ಓದ್ಸಲ ಮಿಷನ್ ಜತೆ ನನ್ನೂ ಅಟ್ಟಿದ್ರು, ಈ ಸಲ ದೂರ ನಿಂತ್ಕಂಡೇ ಕೊಡ್ತೀನಿ ಅಮ್ಮಾ" ಅಂದಿದ್ದಾನೆ. ಪಾಪ, ಕರೆದು ಟೀ ಕೊಡು. ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಮಕ್ಕಳು ನೂರು ಕಾಲ ತಣ್ಣಗಿರಲಿ. ಕರುವಿನ ಕತ್ತಿನ ಕೆಳಗಿನ ಗಂಗೆದೊಗಲು ಸವರಿ ದೊಡ್ಡಮ್ಮ ಕೇಳಿದಳು ಅನ್ನು.

ನಿನ್ನ ಅಕ್ಕ,
ದೊಡ್ಡತಾಯಮ್ಮ

ಅಯ್ಯೋ, ಬರೆಯಬೇಕಾದ್ದನ್ನೇ ಬಿಟ್ಟಿದ್ದೆ. ನಿನ್ನ ನಾಟಿ ಬುಧವಾರವಂತೆ. ಮೊದಲ ಬಸ್ಸಿಗೆ ಬರುತ್ತಿದ್ದೇನೆ, ಎರಡು ದಿನಕ್ಕೆ. ಬದುವಿನ ಪಕ್ಕದ ಸಾಲು ನನಗಿಟ್ಟಿರು, ಕುಂಟುತ್ತಾ ಹಿಂದೆ ಬಿದ್ದರೂ ಪೂರ್ತಿ ಹಾಕುತ್ತೇನೆ. ಮಿಷನ್ನನ್ನು ಅಟ್ಟಿದ ಹಾಗೆ ನನ್ನನ್ನು ಅಟ್ಟಲು ನೋಡಬೇಡ, ನನಗೆ ರಿವರ್ಸ್ ಗೇರಿಲ್ಲ. ಮಧ್ಯಾಹ್ನಕ್ಕೆ ಮುದ್ದೆ ಮಾಡಿಸಿರು. ನೀನು ನಮ್ಮ ಮನೆಯಿಂದ ಉಣ್ಣದೆ ಹೋದೆ. ನಾನು ನಿನ್ನ ಪಕ್ಕ ಕೂತು ಉಣ್ಣದೆ ಏಳುವವಳಲ್ಲ.